ಕಪ್ಪೆಮೀನಿನ ಪಾಲಿನ ಉಪ್ಪು

ಉಪ್ಪಿಗಿಂತ ರುಚಿಯಿಲ್ಲ, ಕಪ್ಪೆಮೀನಿಗಿಂತ ಬಂಧುವಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದವರು, ಇಂಥದ್ದೊಂದು ಗಾದೆಯೇ ಇಲ್ಲವೆಂದು ಜಗಳಕ್ಕೆ ಬರಬಹುದು. ಬರಲಿ. ಗಾದೆ ಸುಳ್ಳಾದರೂ ಕೊಳ್ಳೇಗಾಲದ ಈ ಕತೆ ಸತ್ಯ.

ಶಂಕರಮ್ಮ ಆರನೆಯ ಬಕೆಟ್ಟನ್ನು ಗಾಜಿನ ತೊಟ್ಟಿಗೆ ಅದ್ದುವಷ್ಟರಲ್ಲಿ ಚನ್ನಾಜಮ್ಮ ಅಂಗಳದಿಂದ ಓಡಿಬಂದು ಅವಳ ಮುಂಗೈ ಹಿಡಿದುಕೊಂಡಳು. ಹೊರಗೆ ಶಾಮಿಯಾನದ ಕೆಳಗೆ ಚನ್ನಾಜಮ್ಮನ ಗಂಡ ಶಿವರುದ್ರಸ್ವಾಮಿ ಹಣೆ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ ಹೊತ್ತು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಮೂವತ್ತೈದು ವರ್ಷ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತಿ ಸುತ್ತಿ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಲು ಸಾವೇ ಬರಬೇಕಾಯಿತು. ಸಾವಿಗೂ ಆಗದೆ ಹಿಂದೊಂದು ಹಲಗೆ ಕಟ್ಟಬೇಕಾಯಿತು.

“ಸತ್ತ ಮನೇಲಿ ತುಂಬಿಟ್ಟ ನೀರು ಇರಬಾರ್ದು ಕಣಮ್ಮಿ,” ಎಂದಳು ಶಂಕರಮ್ಮ. ಅವಳು ಚನ್ನಾಜಮ್ಮನ ಓರಗಿತ್ತಿ, ಭಾವನ ಹೆಂಡತಿ. ಶಾಸ್ತ್ರವೆಂದರೆ ಅವಳಿಗೆ ಸೊಂಟನೋವೂ ಮರೆತುಹೋಗುತ್ತದೆ. “ಅಂಡೆ, ಕೊಡ, ಆ ನೀಲಿ ಡ್ರಮ್ಮು, ಎಲ್ಲಾನೂ ಚರಂಡಿಗೆ ಸುರ್ದಾಯ್ತು. ಇದೊಂದು ಉಳ್ಕಂಡದೆ.”

ನೀಲಿ ಡ್ರಮ್ಮು ಎಂದಾಗ ಚನ್ನಾಜಮ್ಮನ ಹಿಡಿತ ಸಡಿಲವಾಯಿತು. ಶಿವರುದ್ರಸ್ವಾಮಿ ಹೋದ ಭಾನುವಾರ ಕೂತು ಮೀನಿಗೆಂದು ಉಪ್ಪು ಕದಡಿ ಮಾಡಿಟ್ಟಿದ್ದ ಸಮುದ್ರ ಆ ಡ್ರಮ್ಮಿನಲ್ಲಿತ್ತು. ಕೊಳ್ಳೇಗಾಲದ ಚರಂಡಿಗೆ ಸಮುದ್ರ ಸೇರಿದ್ದು ಬಹುಶಃ ಅದೇ ಮೊದಲು.

ತೊಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ನೀರಿತ್ತು. ನೀರು ಸೋಸುವ ಪಂಪಿನ ಬಾಯಿ ಗಾಳಿಗೆ ತೆರೆದುಕೊಂಡು ಗೊರಗೊರ ಎನ್ನುತ್ತಿತ್ತು. ಮೂಲೆಯ ಕಲ್ಲಿನ ಮೇಲೆ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಬೆಲ್ಲದುಂಡೆಯ ಹಾಗೆ, ಗಂಡು ಕಪ್ಪೆಮೀನು ಕೈಯಂಥ ರೆಕ್ಕೆಗಳನ್ನು ಊರಿ ಕೂತಿತ್ತು. ಅದರ ಪಕ್ಕೆಗೆ ಅಂಟಿದ ಮೊಟ್ಟೆಯ ಗೊಂಚಲು ನೆನೆಸಿದ ಸಬ್ಬಕ್ಕಿಯಂತಿತ್ತು. ಒಂದೊಂದು ಸಬ್ಬಕ್ಕಿಯೊಳಗೂ ಎರಡೆರಡು ಕಪ್ಪು ಚುಕ್ಕೆ. ಕಣ್ಣುಗಳು. ಗಂಡೇ ಮೊಟ್ಟೆ ಹೊರುವ ಜಾತಿ ಇದು. ಮೂವತ್ತೆಂಟು ದಿನದಿಂದ ಹೊತ್ತುಕೊಂಡಿತ್ತು. ಇನ್ನು ಎರಡೋ ಮೂರೋ ದಿನ ಕಣೆ ಎಂದು ಶಿವರುದ್ರಸ್ವಾಮಿ ನಿನ್ನೆ ಬೆಳಿಗ್ಗೆ ಹೇಳಿದ್ದ. ಮಧ್ಯಾಹ್ನ ಅದೇ ತೊಟ್ಟಿಯ ಮುಂದೆ ಕುರ್ಚಿಯಲ್ಲಿ ಕೂತವನು ಎದ್ದಿರಲಿಲ್ಲ. ಅವನು ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಮಾಮೂಲಾದ್ದರಿಂದ ಚನ್ನಾಜಮ್ಮ ಎರಡು ಸಲ ಕಾಫಿಗೆ ಕರೆದು, ಮೂರನೆಯ ಸಲ ಬೈದು, ಆಮೇಲೆ ಮುಟ್ಟಿದ್ದಳು.

ಮಗಳು ಭವ್ಯ ಯಳಂದೂರಿನಿಂದ ರಾತ್ರಿಯೇ ಬಂದಿದ್ದಳು. ಏಳು ತಿಂಗಳ ಬಸುರಿ. ಬಸುರಿ ಮಣ್ಣಿಗೆ ಹೋಗಬಾರದೆಂದು ಅವಳನ್ನು ಮನೆಯಲ್ಲೇ ಬಿಡುವುದೆಂದು ಆಗಿತ್ತು. ಅವಳೇ ಪಂಪು ಆರಿಸಿ, ಗಾಳಿಗುಳ್ಳೆ ಬಿಡುವ ಎರಡು ಕೊಳವೆ ಇಳಿಬಿಟ್ಟಳು. ಸಂಜೆಯವರೆಗೆ ತಡೆಯಬಹುದು, ಅಷ್ಟರಲ್ಲಿ ಹೊಸ ಉಪ್ಪುನೀರು ಕದಡಿ ತುಂಬದಿದ್ದರೆ ಮೊಟ್ಟೆಯೂ ಇಲ್ಲ, ಮೊಟ್ಟೆ ಹೊತ್ತವನೂ ಇಲ್ಲ ಎಂದಳು. ಚನ್ನಾಜಮ್ಮ ತಂತಿಯ ಸುರುಳಿಗಳಿದ್ದ ಕೋಣೆಗೆ ಹೋಗಿ ಉಪ್ಪಿನ ಚೀಲ ಹುಡುಕಿದಳು. ಚೀಲವಿದ್ದ ಜಾಗದಲ್ಲಿ ಚೌಕಾಕಾರದ ಧೂಳಿಲ್ಲದ ನೆಲವಿತ್ತು.

ಭಾವ ಪುಟ್ಟಮಾದಪ್ಪನನ್ನು ಕೇಳಿದಾಗ ಗೊತ್ತಾಯಿತು. ಅವನು ತಮ್ಮ ಹುಟ್ಟೂರು ಅಜ್ಜೀಪುರದಲ್ಲಿ ಯಾರು ಸತ್ತರೂ ಗುಣಿಯ ಅಳತೆ ಹೇಳುವ ಯಜಮಾನ. ಸತ್ತವರನ್ನು ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಸಮಾಧಿ ಮಾಡುವುದು ಅವರ ಪದ್ಧತಿ. ಬೆಳಗಾಗೆದ್ದು ಟೆಂಪೋದಲ್ಲಿ ಅಜ್ಜೀಪುರದ ಹೊಲಕ್ಕೆ ಸಾಮಾನು ಕಳಿಸುವಾಗ ಚೀಲ ಕಣ್ಣಿಗೆ ಬಿದ್ದಿತ್ತು.

“ಇಪ್ಪತ್ತು ಕೆಜಿ ಕಣಮ್ಮ, ಒಂದು ಕಾಳೂ ಚೆಲ್ದಂಗೆ ಮಡಗವ್ನೆ. ನನ್ನ ತಮ್ಮ ಗ್ನಾನಿ. ತನ್ನ ಸಮಾಧಿ ಉಪ್ಪ ತಾನೇ ಜೋಡ್ಸಿ ಮಡಗ್ಬುಟ್ಟು ಓದ,” ಎಂದು ಪುಟ್ಟಮಾದಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಅದು ಮೀನಿನ ಉಪ್ಪು, ವಾಪಸ್ ಬೇಕು ಎಂದು ಚನ್ನಾಜಮ್ಮ ಮೆಲ್ಲಗೆ ಹೇಳಿದಳು. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳು ಎದುರಾಡುತ್ತಿದ್ದಳೇನೋ.

“ಗುಣಿಗೆ ಅಂತ ಒಂಟದ್ದು ಮನೆಗೆ ತಿರುಗ್ಬಾರ್ದು ಕಣವ್ವ. ಇನ್ನೊಂದು ಸಾವ ಜೊತೇಲಿ ಕರ್ಕಬತ್ತದೆ. ಬಸುರಿ ಮಗಳ ಮನೇಲಿ ಮಡಿಕಂಡು ನೀನು ಈ ಮಾತ ಆಡ್ಬೌದಾ?”

*

ಆರು ವರ್ಷದ ಹಿಂದೆ ಶಿವರುದ್ರಸ್ವಾಮಿ ಪಂಪುಗಳ ಪ್ರದರ್ಶನ ನೋಡಲು ಕೊಚ್ಚಿಗೆ ಹೋಗಿ, ಪಂಪು ಬಿಟ್ಟು ಮೀನು ತಂದಿದ್ದ. ಪ್ಲಾಸ್ಟಿಕ್ ಚೀಲದಲ್ಲಿ ನೀರು, ನೀರಿನಲ್ಲಿ ಕಂದು ಮುದ್ದೆ. ಬಸ್ಸಿನ ಕಂಡಕ್ಟರ್ ಏನೆಂದು ಕೇಳಿದ್ದಕ್ಕೆ ಕಲ್ಲು ಎಂದಿದ್ದನಂತೆ. ಕಂಡಕ್ಟರ್ ದಿಟ್ಟಿಸಿ ನೋಡಿ ಹೌದೆಂದು ಒಪ್ಪಿಕೊಂಡಿದ್ದನಂತೆ.

ಚನ್ನಾಜಮ್ಮ ಮೂರು ದಿನ ಮಾತು ಬಿಟ್ಟಳು. ಶಿವಪೂಜೆಯ ಮನೆ, ಮೊಟ್ಟೆ ಹಾಕಿದ ಬಿಸ್ಕತ್ತು ಕೂಡ ಹೊಸ್ತಿಲು ದಾಟಿರಲಿಲ್ಲ. ಅಲ್ಲಿ ಮೀನು, ಅದೂ ಮೀನು ತಿನ್ನುವ ಮೀನು. ನಾಲ್ಕನೆಯ ದಿನ ಮೀನೇ ಸತ್ತಿತು. ಸಮುದ್ರವೆಂದರೆ ಉಪ್ಪುನೀರು ತಾನೆ ಎಂದು ಅವನು ನಲ್ಲಿಯ ಕಾವೇರಿಗೆ ಅಡುಗೆಮನೆಯ ಪುಡಿ ಉಪ್ಪು ಕದಡಿದ್ದ. ಸತ್ತ ಮೀನನ್ನು ಅಂಗೈಯಲ್ಲಿಟ್ಟುಕೊಂಡು ಅವನು ಹಿತ್ತಲಲ್ಲಿ ಕೂತ ಭಂಗಿ ನೋಡಿ ಅವಳಿಗೆ ಮಾತು ಬಿಡುವುದನ್ನು ಮುಂದುವರಿಸಲು ಆಗಲಿಲ್ಲ. ಸಾರಿನ ಉಪ್ಪಿಗೂ ಸಾಗರದ ಉಪ್ಪಿಗೂ ಎಷ್ಟೊಂದು ವ್ಯತ್ಯಾಸವೆಂದು ಅವನು ಕೊಚ್ಚಿಯ ಅಂಗಡಿಯವನಿಗೆ ಫೋನ್ ಮಾಡಿ ಮಾಡಿ ಕಲಿತು, ಇನ್ನೊಂದು ಮೀನು ತಂದ. ಬಿಳಿಯ ಚೀಲ ಅಲ್ಲಿಂದಲೇ ಪಾರ್ಸಲ್ಲಿನಲ್ಲಿ ಬರಬೇಕು. ಎಂಟು ದಿನ ಹಿಡಿಯುತ್ತದೆ.

ಹನೂರು, ಲೊಕ್ಕನಹಳ್ಳಿ ಕಡೆಯ ರೈತರು ಸುಟ್ಟ ಮೋಟಾರು ತಂದು ಕಾಯುವಾಗ ತೊಟ್ಟಿಯ ಮುಂದೆ ನಿಲ್ಲುತ್ತಿದ್ದರು. ಮೀನು ಎಲ್ಲಿದೆಯೆಂದು ತೋರಿಸಿದವರಿಗೆ ಟೀ ಎನ್ನುತ್ತಿದ್ದ ಶಿವರುದ್ರಸ್ವಾಮಿ. ಅವರು ಗುಳ್ಳೆ ಬಿಡುವ ಕೊಳವೆ, ಗಾಜಿನ ಆಚೆಯ ಕ್ಯಾಲೆಂಡರ್, ಎಲ್ಲವನ್ನೂ ತೋರಿಸುತ್ತಿದ್ದರು. ಕೊನೆಗೆ ಕಲ್ಲೊಂದು ಕಣ್ಣು ತಿರುಗಿಸಿದಾಗ ಹಿಂದಕ್ಕೆ ಹಾರುತ್ತಿದ್ದರು.

ಮರಿ ಮಾಡಿಸಬೇಕೆಂಬ ಹುಚ್ಚು ಆಮೇಲೆ ಹತ್ತಿತು. ಮೊದಲ ಸಲ ಹೆಣ್ಣುಮೀನು ಗಂಡನ್ನೇ ನುಂಗಿತು. ಇದ್ರಲ್ಲಿ ತಪ್ಪೇನದೆ ಎಂದಿದ್ದಳು ಚನ್ನಾಜಮ್ಮ. ಅಂದಿನಿಂದ ಮೊಟ್ಟೆಯಾದ ಕೂಡಲೇ ಗಂಡಹೆಂಡಿರ ನಡುವೆ ತೂತುಗಳಿರುವ ಗಾಜಿನ ಗೋಡೆ ಬಂತು. ಎರಡನೆಯ ಸಲ ಮೊಟ್ಟೆ ಬೆಳ್ಳಗಾಗಿ ಕೊಳೆಯಿತು. ಮೂರನೆಯ ಸಲ ಎರಡು ದಿನ ಕರೆಂಟಿರಲಿಲ್ಲ. ಇದು ನಾಲ್ಕನೆಯದು. ಕಣ್ಣು ಮೂಡುವವರೆಗೆ ಬಂದದ್ದು ಇದೊಂದೇ.

ಅವಳು ತೊಟ್ಟಿಯ ಕಡೆ ಸರಿಯಾಗಿ ನೋಡಿದ್ದು ಎರಡು ವರ್ಷದ ಹಿಂದೆ, ಅವನು ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದಾಗ. ಮೀನಿಗೆ ಉಣಿಸು ಎಂದು ಅವನು ಫೋನಿನಲ್ಲಿ ಅಂಗಲಾಚಿದ. ಅದರ ಊಟಕ್ಕೆಂದೇ ಮಾಳಿಗೆಯ ಸಿಮೆಂಟ್ ತೊಟ್ಟಿಯಲ್ಲಿ ಸಾಕಿದ್ದ ಬೆರಳುದ್ದದ ಮರಿಮೀನೊಂದನ್ನು ಬಟ್ಟಲಲ್ಲಿ ತಂದವಳು, ಗೋಡೆಯ ಮೇಲಿದ್ದ ಶಿವನ ಪಟವನ್ನು ತಿರುಗಿಸಿಟ್ಟು, ಕಣ್ಣು ಮುಚ್ಚಿ ಬಟ್ಟಲು ಬಗ್ಗಿಸಿದಳು. ಕಣ್ಣು ಬಿಟ್ಟಾಗ ಕಲ್ಲು ತನ್ನ ಹಣೆಯ ಮೇಲಿನ ಕೂದಲೆಳೆಯಷ್ಟು ಗಾಳವನ್ನು ಮೆಲ್ಲಗೆ ಆಡಿಸುತ್ತಿತ್ತು. ಮರಿ ಹತ್ತಿರ ಬಂತು. ಮರಿ ಇರಲಿಲ್ಲ. ನಡುವೆ ಏನಾಯಿತೆಂದು ಕಾಣಲೇ ಇಲ್ಲ. ಮರುದಿನ ಅವಳು ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ಶಿವನ ಪಟ ತಿರುಗಿಸುವುದೂ ಮರೆತಿತ್ತು.

*

ಹನೂರಿನಲ್ಲಿ ಶವದ ಗಾಡಿ ಹತ್ತು ನಿಮಿಷ ನಿಂತಿತು. ಮೋಟಾರು ಅಂಗಡಿಯವರು ಹಾರ ಹಾಕಬೇಕಿತ್ತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಉದಯಕುಮಾರ್ ನೀರಿನ ಬಾಟಲಿ ಹಿಡಿದು ಅತ್ತೆಯ ಬಳಿ ಬಂದ. ಚನ್ನಾಜಮ್ಮನ ಅಣ್ಣನ ಮಗ. ಕಾಲೇಜು ಮುಗಿಸಿ, ಆರ್ಕೆಸ್ಟ್ರಾದಲ್ಲಿ ನಿರೂಪಣೆ ಮಾಡಿಕೊಂಡು, ನಡುನಡುವೆ ಊರವರ ದನಿಗಳನ್ನೆಲ್ಲ ಕದ್ದು ಆಡುವವನು. ಅವನ ಮಿಮಿಕ್ರಿಗೆ ಮೊದಲ ಪ್ರೇಕ್ಷಕ ಶಿವರುದ್ರಸ್ವಾಮಿ. ಇಬ್ಬರೂ ಸೇರಿ ಎಷ್ಟೋ ಸಲ ಗ್ಯಾಸಿನವನ ದನಿಯಲ್ಲಿ, ಬ್ಯಾಂಕಿನವಳ ದನಿಯಲ್ಲಿ ಚನ್ನಾಜಮ್ಮನಿಗೇ ಫೋನ್ ಮಾಡಿ ಬೈಸಿಕೊಂಡಿದ್ದರು.

ಅವಳು ಬಾಟಲಿ ತೆಗೆದುಕೊಳ್ಳಲಿಲ್ಲ. ಉಪ್ಪಿನ ಸಂಗತಿ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿತು. ದೊಡ್ಡಮಾವನವರಿಗೆ ನಾನು ಕೈಮುಗಿದು ಕೇಳಲೇ ಎಂದ. ಬೇಡವೆಂದಳು. ಸುತ್ತ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು.

“ನಿಂಗೆ ಯಳಂದೂರು ಐನೋರ ದನಿ ಬತ್ತದೇನ್ಲಾ?”

ಸಮಾಧಿಯ ಕ್ರಿಯೆ ಮಾಡಿಸಲು ಬರಬೇಕಿದ್ದ ಐನೋರು. ಪುಟ್ಟಮಾದಪ್ಪ ಈ ಲೋಕದಲ್ಲಿ ಎದುರಾಡದ ಒಬ್ಬರೇ ಮನುಷ್ಯ.

“ಅತ್ತೆ, ಇವತ್ತಾ?”

“ಇವತ್ತೇ. ನಾಳೆ ಮಾಡಿ ಏನ್ಮಾಡ್ತೀಯ?”

ಅವನು ಗಾಡಿಯೊಳಗೆ ಕೂತ ಮಾವನನ್ನು ಒಮ್ಮೆ ನೋಡಿದ. ಉಪ್ಪು ಸಿಕ್ಕರೆ ತಕ್ಷಣ ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಒಯ್ಯಬೇಕು; ಸಮಾಧಿಗೆ ತಾನಿರುವುದಿಲ್ಲ, ಒಂದು ಹಿಡಿ ಮಣ್ಣೂ ಹಾಕುವುದಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಅದನ್ನೇ ಹೇಳಿದ.

“ಅವ್ರು ಎದ್ದು ಕೂತ್ರೆ ನಿನ್ನ ಎಲ್ಲಿಗ್ ಓಗು ಅಂತಿದ್ರು, ಯೋಳು,” ಎಂದಳು ಚನ್ನಾಜಮ್ಮ.

ಅವನು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೂಗಿನಿಂದ ಒಂದು ಕೆಮ್ಮು ಕೆಮ್ಮಿದ. ಪಕ್ಕದಲ್ಲಿ ಹಾರ ಹಿಡಿದು ನಿಂತಿದ್ದ ಮುದುಕನೊಬ್ಬ ತಿರುಗಿ, ಐನೋರು ಬಂದರೇ ಎಂದು ಹುಡುಕಿದ.

*

ಅಜ್ಜೀಪುರದ ಹೊಲದಲ್ಲಿ ಗುಣಿ ಸಿದ್ಧವಾಗಿತ್ತು. ಬದಿಯಲ್ಲಿ ಬಿಲ್ವಪತ್ರೆಯ ಕುಕ್ಕೆ, ವಿಭೂತಿ ಗಟ್ಟಿಗಳ ಪೆಟ್ಟಿಗೆ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದ ಬಿಳಿಯ ಚೀಲ. ಹಾರೆ ಹಿಡಿದವನೊಬ್ಬ ಚೀಲದ ಬಾಯಿ ಬಿಚ್ಚಲು ಕುಡುಗೋಲು ಹುಡುಕುತ್ತಿದ್ದ. ಚನ್ನಾಜಮ್ಮ ಹೆಂಗಸರ ನಡುವೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಗಂಡನ ಮುಖ ನೋಡಬೇಕಾದ ಹೊತ್ತಿನಲ್ಲಿ ಉಪ್ಪು ನೋಡುತ್ತಿದ್ದೇನೆಂದು ಅವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಿತ್ತು. ಇನ್ನೊಂದು ಸಾವು ಎಂದ ಭಾವನ ಮಾತು ಅವಳನ್ನು ಬಿಟ್ಟಿರಲಿಲ್ಲ. ಹೊರಡುವ ಮುಂಚೆ ಅದನ್ನು ಭವ್ಯಳಿಗೆ ಹೇಳಿಯೇಬಿಟ್ಟಿದ್ದಳು. ಭವ್ಯ ತೊಟ್ಟಿಯ ಮೇಲೆ ಒದ್ದೆ ಬಟ್ಟೆ ಹರಡುತ್ತ, “ಅಪ್ಪನ ಉಪ್ಪು ನನ್ನ ಏನ್ ಮಾಡದವ್ವ? ತಕಬಾ ನೀನು,” ಎಂದಿದ್ದಳು.

ಪುಟ್ಟಮಾದಪ್ಪನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಕಿವಿಗಿಟ್ಟುಕೊಂಡವನು ಮರುಕ್ಷಣ ಚಪ್ಪಲಿ ಬಿಟ್ಟ. ತಲೆಯ ಟವೆಲು ಸೊಂಟಕ್ಕೆ ಬಂತು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಎರಡೂ ಕೈ ಜೋಡಿಸಿದ.

“ಬುದ್ಧೀ… ಓ, ಡ್ರೈವರ್ ಫೋನಾ ಬುದ್ಧಿ… ಉಪ್ಪಾ? ಪುಡಿ ಬುದ್ಧಿ… ಕಲ್ಲುಪ್ಪೇ ಆಗ್ಬೇಕಾ?… ಇಲ್ಲ, ಗೊತ್ತಿರ್ನಿಲ್ಲ ಬುದ್ಧಿ… ಇದ್ನ? ಮನೆಗಾ? ಗುಣಿತಕೆ ಬಂದದ್ದು… ಬಸುರಿ ಅವ್ಳೆ ಬುದ್ಧಿ ಮನೇಲಿ… ಅಂಗಾರೆ ಒಳ್ಳೇದೇ ಆಯ್ತದೆ ಅಂತೀರ… ಆಗ್ಲಿ ಬುದ್ಧಿ. ನೀವು ಬರೋದ್ರೊಳ್ಗೆ ಅದು ಇಲ್ಲಿರದಿಲ್ಲ.”

ಫೋನ್ ಇಟ್ಟವನೇ ಕುಡುಗೋಲಿನವನ ಮೇಲೆ ಹರಿಹಾಯ್ದ. ಪುಡಿ ಉಪ್ಪು ತಂದವರು ಯಾರು, ಶಾಸ್ತ್ರ ತಿಳಿಯದ ಮುಂಡೇವಾ ಎಂದು ಊರನ್ನೆಲ್ಲ ಬೈದ. ತಂದವನು ತಾನೇ ಎಂಬುದನ್ನು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬನನ್ನು ಕಲ್ಲುಪ್ಪು ತರಲು ಅಂಗಡಿಗೆ ಓಡಿಸಿದ. ಆಗ ಮುಸುಕಿನ ಜೋಳದ ಹೊಲದೊಳಗಿಂದ, ಮೂತ್ರಕ್ಕೆ ಹೋದವನ ಹಾಗೆ ಪ್ಯಾಂಟು ಸರಿಮಾಡಿಕೊಳ್ಳುತ್ತ ಉದಯಕುಮಾರ್ ಬಂದ.

“ಬಾರ್ಲಾ ಇಲ್ಲಿ. ಈ ಚೀಲವ ಬೈಕ್‌ಗೆ ಏರ್ಕಂಡು ಕೊಳ್ಳೇಗಾಲದ ಮನೆಗೆ ಓಗಿ ಆಕ್ಬುಡು. ನೀರಿಗೇ ಸೇರಿಸ್ಬೇಕಂತೆ. ಈಗ್ಲೇ.”

ಅಷ್ಟು ದೂರ, ಈ ಬಿಸಿಲಲ್ಲಿ, ಅದೂ ಮಾವನ ಮಣ್ಣಿನ ಹೊತ್ತಲ್ಲಿ ಎಂದು ಉದಯಕುಮಾರ್ ಗೊಣಗಿದ. ಗೊಣಗಿದ್ದರಲ್ಲಿ ಅರ್ಧ ನಟನೆ. ಪುಟ್ಟಮಾದಪ್ಪ ತಾನೇ ಚೀಲವನ್ನು ಹೆಗಲ ಮೇಲೆ ಹೊತ್ತು, ಬೈಕಿನ ಹಿಂದಿಟ್ಟು, ಹಗ್ಗ ಬಿಗಿದು ಕಳಿಸಿದ.

ಅರ್ಧ ಗಂಟೆಗೆ ನಿಜವಾದ ಐನೋರು ಕಾರಿನಿಂದ ಇಳಿದರು. ನೀವು ಹೇಳಿದ ಹಾಗೆ ಕಲ್ಲುಪ್ಪನ್ನೇ ತರಿಸಿದೆ ಬುದ್ಧಿ ಎಂದು ಪುಟ್ಟಮಾದಪ್ಪ ಕಾಲಿಗೆ ಬಿದ್ದ.

“ನಾನು ಹೇಳಿದೆನೇ?” ಐನೋರು ಸುತ್ತ ನೋಡಿದರು. ಎಲ್ಲರ ಮುಖ ಅವರ ಕಡೆಗಿತ್ತು. ವಿಧವೆಯ ಮುಖವೊಂದೇ ನೆಲದ ಕಡೆಗೆ, ಸೆರಗಿನೊಳಗೆ, ಉಸಿರು ಹಿಡಿದುಕೊಂಡಿತ್ತು. ಅವರು ಮೂಗಿನಿಂದ ಒಮ್ಮೆ ಕೆಮ್ಮಿದರು. “ಹೇಳಿದ್ದರೆ ಸರಿಯಾಗಿಯೇ ಹೇಳಿರುತ್ತೇನೆ. ನಡೆಯಿರಿ.”

ಶಿವರುದ್ರಸ್ವಾಮಿಯನ್ನು ಗುಣಿಯಲ್ಲಿ ಕೂರಿಸಿದರು. ವಿಭೂತಿ, ಪತ್ರೆ, ಆಮೇಲೆ ಕಲ್ಲುಪ್ಪು. ಚನ್ನಾಜಮ್ಮ ಬೊಗಸೆ ತುಂಬ ಹಾಕಿದಳು. ಹರಳುಗಳು ಅವನ ಹೆಗಲ ಮೇಲೆ ಬಿದ್ದು ಜಾರಿದವು. ಬೆನ್ನು ಆಗಲೇ ಮೊದಲಿನಂತೆ ಸ್ವಲ್ಪ ಬಾಗಿತ್ತು, ಎದುರಿನದೇನನ್ನೋ ಬಗ್ಗಿ ನೋಡುವವನ ಹಾಗೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ಶಂಕರಮ್ಮ ಅವಳನ್ನು ಎದೆಗೆ ಒತ್ತಿಕೊಂಡು ಕೂತಳು.

*

ಐದೂವರೆಗೆ ಅವರು ಕೊಳ್ಳೇಗಾಲಕ್ಕೆ ಮರಳಿದಾಗ ನೀಲಿ ಡ್ರಮ್ಮಿನಲ್ಲಿ ಸಣ್ಣ ಪಂಪೊಂದು ನೀರು ತಿರುವುತ್ತಿತ್ತು. ಉದಯಕುಮಾರ್ ಮೂರು ಗಂಟೆಯಿಂದ ಅದರ ಮುಂದೆಯೇ ಇದ್ದ. ಅಂಗಿಯ ಮೇಲೆಲ್ಲ ಉಪ್ಪಿನ ಗೆರೆ. ಚನ್ನಾಜಮ್ಮ ಮಿಂದು, ಒದ್ದೆ ತಲೆಗೆ ಟವೆಲು ಕಟ್ಟಿಕೊಂಡು ಬಂದು, ಉಪ್ಪಿನಂಶ ಅಳೆಯುವ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದಳು. ಗಂಡ ನೋಡುವಾಗ ಅವನ ಹೆಗಲ ಮೇಲಿಂದ ಎಷ್ಟು ಸಲ ನೋಡಿದ್ದಳೋ. ಇನ್ನೊಂದು ಹಿಡಿ ಎಂದಳು. ಮತ್ತೆ ನೋಡಿ, ಸಾಕು ಎಂದಳು. ಲೋಟದಿಂದ, ತೊಟ್ಟಿಯ ಗೋಡೆಗೆ ತಾಗಿಸಿ, ಒಂದೊಂದಾಗಿ ಸುರಿಯತೊಡಗಿದರು. ಗಂಡುಮೀನು ಕಲ್ಲಿನ ಮೇಲೆ ಕೈ ಬದಲಿಸಿತು. ಮೊಟ್ಟೆಯೊಳಗಿ‌ನ ಕಣ್ಣುಗಳು ಅಲುಗಿದವು.

ಪಂಪು ಮತ್ತೆ ನೀರು ಹಿಡಿದು ಗುಂಯ್‌ಗುಡಲು ಶುರುವಾದಾಗ ಪುಟ್ಟಮಾದಪ್ಪ ಸ್ನಾನ ಮುಗಿಸಿ ಬಂದ. ಭವ್ಯಳ ತಲೆ ಮುಟ್ಟಿ ಮೈ ಚೆನ್ನಾಗಿದೆಯೇ ಎಂದು ಮೂರನೆಯ ಸಲ ಕೇಳಿದ. ಆಮೇಲೆ ಗೋಡೆಗೊರಗಿ ನಿಂತು ನಿಟ್ಟುಸಿರಿಟ್ಟ.

“ನನ್ನ ತಮ್ಮನ ಉಪ್ಪಿನ ವಿಚಾರಕ್ಕೆ ಐನೋರೇ ಫೋನ್ ಮಾಡಿದ್ರಲ್ಲ ಕಣಮ್ಮ. ಎಂಥೆಂಥೋರು ಸತ್ತವ್ರೆ, ಯಾರ್ಗೂ ಮಾಡ್ನಿಲ್ಲ. ಅಂಥಾ ಮನ್ಸ ಅವ್ನು.”

ಚನ್ನಾಜಮ್ಮನ ಕೈಯ ಲೋಟ ನಿಂತಿತು. ಬೆಳಗಿನಿಂದ ಮಾಡಿದ್ದೆಲ್ಲ ಅವಳಿಗೆ ಸರಿಯೆನಿಸಿತ್ತು. ಈ ಮಾತೊಂದನ್ನು ಅವನ ತಲೆಯಲ್ಲಿ ಹಾಗೆಯೇ ಬಿಟ್ಟು ಮಲಗಲು ಆಗದೆಂದು ತೋರಿತು.

“ಭಾವ, ಫೋನ್ ಮಾಡ್ದೋರು ಐನೋರಲ್ಲ. ಇವ್ನು. ಮಾಡ್ಸದೋಳು ನಾನು.”

ಉದಯಕುಮಾರ್ ಡ್ರಮ್ಮಿನ ಹಿಂದಕ್ಕೆ ಸರಿದ. ಶಂಕರಮ್ಮ ಅಡುಗೆಮನೆಯ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಪುಟ್ಟಮಾದಪ್ಪನ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಯಾವ ಬಣ್ಣವೂ ಇಲ್ಲದ್ದಾಯಿತು. ಅವನು ಉದಯಕುಮಾರನ ಕಡೆ ತಿರುಗಿದ.

“ಎಲ್ಲಿ, ಇನ್ನೊಂದ್ಸಲ ಮಾಡ್ಲಾ ಅದ್ನ.”

ಉದಯಕುಮಾರ್ ಅತ್ತೆಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಮೂಗಿನಿಂದ ಕೆಮ್ಮಿದ.

“ಪುಟ್ಟಮಾದಪ್ಪನವರೇ, ಉಪ್ಪು ಪುಡಿಯೋ, ಕಲ್ಲೋ?”

ಪುಟ್ಟಮಾದಪ್ಪನ ಸೊಂಟ ಬಗ್ಗಿತು. ಎರಡೂ ಕೈ ತಾವಾಗಿ ಜೋಡಿಕೊಂಡವು. “ಬುದ್ಧೀ,” ಎಂಬ ಮಾತು ಬಾಯಿಂದ ಬಂದೇ ಬಿಟ್ಟಿತು. ಅವನು ತನ್ನ ಮುಗಿದ ಕೈಗಳನ್ನು ಯಾರದೋ ಕೈಗಳೆಂಬಂತೆ ನೋಡಿದ. ಗಂಟಲಿನಲ್ಲಿ ಏನೋ ಗೊರಗೊರ ಎಂದಿತು. ಅಳುತ್ತಿದ್ದಾನೆಂದು ಶಂಕರಮ್ಮ ಓಡಿಬಂದಳು. ಅಳುವಲ್ಲ. ನಗು ಹೊಟ್ಟೆಯಿಂದ ಎದ್ದು, ಹೆಗಲು ಹಿಡಿದು ಅಲುಗಿಸಿ, ಅವನನ್ನು ನೆಲಕ್ಕೆ ಕೂರಿಸಿತು. ಉದಯಕುಮಾರ್ ಅಂಜುತ್ತ ನಕ್ಕ, ಶಂಕರಮ್ಮ ಬಾಯಿ ಮುಚ್ಚಿದ ಕೈಯೊಳಗೆ ನಕ್ಕಳು, ಚನ್ನಾಜಮ್ಮ ಒದ್ದೆ ಟವೆಲಿನಲ್ಲಿ ಮುಖ ಹುದುಗಿಸಿ ನಕ್ಕಳು. ಎಲ್ಲರ ನಗುವನ್ನೂ ಮುಳುಗಿಸುವಷ್ಟು ಜೋರಾಗಿ ಪುಟ್ಟಮಾದಪ್ಪ ನಗುತ್ತಿದ್ದ. ಎದುರಿನ ಟೀ ಅಂಗಡಿಯವರು ಸಾವಿನ ಮನೆಯೊಳಗೆ ಇದೇನೆಂದು ಗ್ಲಾಸು ಹಿಡಿದೇ ರಸ್ತೆಗೆ ಬಂದರು.

ತೊಟ್ಟಿಯ ಮೇಜಿಗೆ ಒರಗಿ ನಗುತ್ತಿದ್ದವನ ತಲೆಯ ಹಿಂದೆ, ತುಂಬಿದ ನೀರಿನಲ್ಲಿ, ಸಬ್ಬಕ್ಕಿಯೊಂದು ಬಿರಿದಿತ್ತು. ಅಕ್ಕಿಕಾಳಿನಷ್ಟು ಪುಟ್ಟದೊಂದು ಅಪ್ಪನ ಪಕ್ಕೆಯಿಂದ ಇಳಿದು, ಮರಳ ಮೇಲೆ ಎರಡು ಕೈಯೂರಿ ನಿಂತಿತ್ತು. ಭವ್ಯ ಗಾಜಿಗೆ ಬೆರಳಿಟ್ಟು ಏನೋ ಕೂಗಿ ಹೇಳಿದಳು. ಅವನ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.